ತಿಗರಿಯ ಋಣ: ಸಮಕಾಲೀನ ಸೆರಾಮಿಕ್ ಕಲೆಯೂ ಹಳ್ಳಿಯ ಕುಂಬಾರಿಕೆಯೂ

ಮಣ್ಣನ್ನು ರೂಪಿಸಿ ಬೆಂಕಿಯಲ್ಲಿ ಗಟ್ಟಿಗೊಳಿಸುವ ಕಸುಬು ಭಾರತ ಉಪಖಂಡದಲ್ಲಿ ಐದು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಎಡೆಬಿಡದೆ ನಡೆದು ಬಂದಿದೆ. ಆದರೆ ಅದೇ ಮಣ್ಣಿನಲ್ಲಿ ಗ್ಯಾಲರಿಗೆಂದು, ಕಲಾವಿದನ ಸಹಿಯೊಂದಿಗೆ, ನಿತ್ಯಬಳಕೆಯ ಹಂಗಿಲ್ಲದೆ ಕೃತಿಗಳನ್ನು ರಚಿಸುವ ಸಮಕಾಲೀನ ಸೆರಾಮಿಕ್ ಕಲೆಗೆ ಇಲ್ಲಿ ಹೆಚ್ಚೆಂದರೆ ಒಂದು ಶತಮಾನದ ವಯಸ್ಸು. ಇವೆರಡರ ನಡುವಿನ ಸಂಬಂಧ ಮೇಲ್ನೋಟಕ್ಕೆ ಕಾಣುವಷ್ಟು ಸರಳವಾದದ್ದಲ್ಲ. ಪರಂಪರೆಯಿಂದ ಸ್ಫೂರ್ತಿ ಪಡೆದ ಕಲೆ ಎಂಬ ಮಾತು ಪ್ರದರ್ಶನಗಳ ಪರಿಚಯಪತ್ರಗಳಲ್ಲಿ ಪದೇ ಪದೇ ಬರುತ್ತದೆ. ಅದು ಯಾವ ಪರಂಪರೆ, ಯಾರ ಕೈಯಿಂದ ಬಂದದ್ದು, ಅದರಿಂದ ತೆಗೆದುಕೊಂಡದ್ದು ಅಲಂಕಾರವನ್ನೋ ಕೆಲಸದ ವಿಧಾನವನ್ನೋ ಎಂಬ ಪ್ರಶ್ನೆಗಳು ಅಷ್ಟಾಗಿ ಏಳುವುದಿಲ್ಲ. ಚರಿತ್ರೆಯನ್ನು ಗಮನವಿಟ್ಟು ನೋಡಿದವರಿಗೆ, ಭಾರತದ ಸ್ಟುಡಿಯೋ ಕುಂಬಾರಿಕೆಯು, ಅಂದರೆ ಕಲಾವಿದರು ತಮ್ಮ ಕಾರ್ಯಾಗಾರಗಳಲ್ಲಿ ನಡೆಸುವ ಕುಂಬಾರಿಕೆಯು, ತನ್ನ ಮೊದಲ ಪಾಠಗಳನ್ನು ಪಕ್ಕದ ಕುಂಬಾರಗೇರಿಗಿಂತ ಹೆಚ್ಚಾಗಿ ಜಪಾನಿನಿಂದ ಕಲಿಯಿತೆಂಬುದೂ, ಹಳ್ಳಿಯ ತಿಗರಿಯ ಕಡೆಗೆ ಅದು ಮುಖ ಮಾಡಿದ್ದು ತಡವಾಗಿ ಎಂಬುದೂ ಸ್ಪಷ್ಟವಾಗುತ್ತದೆ.

ಹಳ್ಳಿಯ ಕುಂಬಾರಿಕೆಯ ವಿಧಾನವನ್ನು ಮೊದಲು ಅರಿಯುವುದು ಅಗತ್ಯ. ಕುಂಬಾರರು ಬಳಸುವುದು ಕೆರೆಯಂಗಳದಲ್ಲಿ, ಹೊಳೆಯ ದಂಡೆಯಲ್ಲಿ ಅಥವಾ ಗದ್ದೆಯಲ್ಲಿ ಸಿಗುವ ಜೇಡಿಮಣ್ಣನ್ನು. ಅದನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಕಾಲಿನಿಂದ ತುಳಿದು ಹದಗೊಳಿಸುವಾಗ ಆಯಾ ಊರಿನ ರೂಢಿಗೆ ತಕ್ಕಂತೆ ಮರಳು, ಬೂದಿ, ಹೊಟ್ಟು ಅಥವಾ ಲದ್ದಿಯನ್ನು ಬೆರೆಸುತ್ತಾರೆ. ಹೀಗೆ ಬೆರೆಸಿದ ವಸ್ತುಗಳು ಮಣ್ಣಿನ ಬಿಗಿಯನ್ನು ಸಡಿಲಿಸಿ, ಒಣಗುವಾಗಲೂ ಸುಡುವಾಗಲೂ ತೇವ ಹೊರಹೋಗಲು ದಾರಿ ಮಾಡಿಕೊಡುವುದರಿಂದ ಮಡಕೆ ಸುಲಭವಾಗಿ ಬಿರಿಯುವುದಿಲ್ಲ. ತಿಗರಿಯ ಮೇಲೆ, ಅಂದರೆ ಕುಂಬಾರನ ತಿರುಗುವ ಚಕ್ರದ ಮೇಲೆ, ಪೂರ್ಣಗೊಳ್ಳುವುದು ಸಾಮಾನ್ಯವಾಗಿ ಮಡಕೆಯ ಬಾಯಿ, ಕತ್ತು ಮತ್ತು ಹೆಗಲು ಮಾತ್ರ. ಒಡಲನ್ನು ದಪ್ಪವಾಗಿಯೇ ಬಿಟ್ಟು, ಅದು ಅರೆ ಒಣಗಿದ ಮೇಲೆ ಒಳಗಿನಿಂದ ದುಂಡುಕಲ್ಲನ್ನೋ ಸುಟ್ಟ ಮಣ್ಣಿನ ಉಂಡೆಯನ್ನೋ ಆನಿಸಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತ ಗೋಡೆಯನ್ನು ತೆಳುವಾಗಿಸಿ, ತಳವನ್ನು ದುಂಡಗೆ ಮಾಡುತ್ತಾರೆ. ಹರಿಹರ ಕವಿಯ ರಗಳೆಯಲ್ಲಿ ಕುಂಬಾರ ಗುಂಡಯ್ಯನು ಮಡಕೆ ತಟ್ಟುವ ಲಯಕ್ಕೆ ಶಿವನೇ ಒಲಿದು ಕುಣಿಯುತ್ತಾನೆ. ಕನ್ನಡ ಸಾಹಿತ್ಯವು ಈ ಬಡಿತದ ಸದ್ದನ್ನು ಎಂಟು ಶತಮಾನಗಳ ಹಿಂದೆಯೇ ಕೇಳಿಸಿಕೊಂಡಿತ್ತು. ಬಡಿತದಿಂದ ಮಣ್ಣಿನ ಕಣಗಳು ಒತ್ತಾಗಿ ಕೂಡಿಕೊಳ್ಳುತ್ತವೆ, ಮಡಕೆ ಹಗುರವಾಗುತ್ತದೆ, ಮೂಲೆಗಳಿಲ್ಲದ ದುಂಡು ತಳಕ್ಕೆ ಒಲೆಯ ಉರಿ ಎಲ್ಲ ಕಡೆಯಿಂದಲೂ ಸಮವಾಗಿ ತಾಗುವುದರಿಂದ ಅದು ಕಾವಿಗೆ ಸೀಳುವುದು ಕಡಿಮೆ. ಇಂಥ ರೂಪವನ್ನು ಯಾರೂ ಕಾಗದದ ಮೇಲೆ ವಿನ್ಯಾಸ ಮಾಡಿ ಕಂಡುಕೊಂಡದ್ದಲ್ಲ. ಒಲೆ, ಬಾವಿ, ಸೊಂಟ ಮತ್ತು ತಲೆಯ ಮೇಲಿನ ಸಿಂಬಿಗಳ ನಡುವೆ ತಲೆಮಾರುಗಳು ಓಡಾಡಿದ ಫಲವಾಗಿ ಅದು ನಿಂತಿದೆ.

ಒಣಗಿದ ಮಡಕೆಗಳನ್ನು ಸುಡುವ ಗೂಡಿಗೆ ಆವಿಗೆ ಎಂದು ಹೆಸರು. ಅನೇಕ ಊರುಗಳಲ್ಲಿ ಅದು ಕಟ್ಟಿದ ಗೂಡೂ ಆಗಿರದೆ, ಮಡಕೆ, ಸೌದೆ, ಬೆರಣಿ ಮತ್ತು ಹುಲ್ಲನ್ನು ಪದರ ಪದರವಾಗಿ ಒಟ್ಟಿ, ಮೇಲೆ ಹುಲ್ಲು, ಬೂದಿ, ಮಣ್ಣು ಮತ್ತು ಒಡೆದ ಓಡುಗಳನ್ನು ಹೊದಿಸಿದ ಒಂದು ರಾಶಿ ಮಾತ್ರ. ಅದರ ಕಾವು 800 ಅಥವಾ 900 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪ. ಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಬೆಸೆದುಕೊಂಡಿರುವ ನೀರು ಹೊರಬಿದ್ದು ಮಣ್ಣು ಮತ್ತೆ ಕೆಸರಾಗದಂತೆ ಆಗುವುದಕ್ಕೆ ಇಷ್ಟು ಶಾಖ ಸಾಕು. ಆದರೆ ಕಣಗಳ ನಡುವಿನ ಸೂಕ್ಷ್ಮ ರಂಧ್ರಗಳು ಮುಚ್ಚಿಹೋಗುವುದಕ್ಕೆ ಸಾಲದು. ಈ ಬಗೆಯ ಸುಟ್ಟ ಮಣ್ಣಿಗೆ ಕಲಾವಲಯದಲ್ಲಿ ಟೆರಾಕೋಟ ಎನ್ನುತ್ತಾರೆ. ರಂಧ್ರಗಳಿಂದ ಒಸರುವ ನೀರು ಆವಿಯಾಗುವುದರಿಂದಲೇ ಬೇಸಿಗೆಯ ಹರವಿಯಲ್ಲಿ ನೀರು ತಣ್ಣಗಿರುತ್ತದೆ. ಗಾಳಿಯಾಡುವಂತೆ ಸುಟ್ಟರೆ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪಾಗುತ್ತದೆ. ಗಾಳಿ ತಡೆದು ಹೊಗೆಯಲ್ಲಿ ಸುಟ್ಟರೆ ಮಡಕೆ ಕಪ್ಪಾಗುತ್ತದೆ. ಈ ಒಂದೇ ತತ್ತ್ವವನ್ನು ದಕ್ಷಿಣ ಭಾರತದ ಬೃಹತ್ ಶಿಲಾಯುಗದ ಕುಂಬಾರರು ಎಷ್ಟು ಖಚಿತವಾಗಿ ತಿಳಿದಿದ್ದರೆಂಬುದಕ್ಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ದೊರೆತ ಕಪ್ಪು-ಕೆಂಪು ಪಾತ್ರೆಗಳೇ ಸಾಕ್ಷಿ: ಒಳಮೈ ಮತ್ತು ಬಾಯಂಚು ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಪಾತ್ರೆಯನ್ನು ಬೋರಲು ಹಾಕಿ ಸುಟ್ಟು, ಒಳಗೆ ಹೊಗೆಯನ್ನೂ ಹೊರಗೆ ಗಾಳಿಯನ್ನೂ ಒಂದೇ ಉರಿಯಲ್ಲಿ ದುಡಿಸಿಕೊಂಡಾಗ ಈ ಎರಡು ಬಣ್ಣ ಮೂಡುತ್ತವೆ ಎಂಬುದು ವಿದ್ವಾಂಸರ ಸಾಮಾನ್ಯ ವಿವರಣೆ. ಆಧುನಿಕ ಸ್ಟುಡಿಯೋಗಳಲ್ಲಿ ಬೆಂಕಿಯನ್ನು ಬಣ್ಣದಂತೆ ಬಳಸುವ ಪ್ರಯೋಗವೆಂದು ಇಂದು ಮೆಚ್ಚುಗೆ ಪಡೆಯುವ ಕೆಲಸಗಳ ಮೂಲ ಜ್ಞಾನ ಇಲ್ಲಿದೆ.

ಈ ಜ್ಞಾನದ ಕಡೆಗೆ ವಸಾಹತು ಕಾಲದ ಕಲಾಶಿಕ್ಷಣ ನೋಡಿದ ರೀತಿ ಬೇರೆಯದು. ಬೊಂಬಾಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ 1870ರ ದಶಕದಲ್ಲಿ ಕುಂಬಾರಿಕೆಯ ಕೆಲಸ ಆರಂಭವಾದಾಗ ಪಾತ್ರೆಗಳ ಮೇಲೆ ಅಜಂತಾ ಚಿತ್ರಗಳ ನಮೂನೆಗಳು ಬಂದವು. ಪರಂಪರೆಯೆಂದರೆ ಮೇಲ್ಮೈಯ ಚಿತ್ತಾರವೆಂಬ ಗ್ರಹಿಕೆಗೆ ಅಂದು ಬಿದ್ದ ಅಡಿಪಾಯ ಇಂದಿಗೂ ಪೂರ್ತಿ ಅಲುಗಿಲ್ಲ. ಅದೇ ಕಾಲದಲ್ಲಿ ಕರಾವಳಿಯ ಮಣ್ಣು ಇನ್ನೊಂದು ದಾರಿ ಹಿಡಿದಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸ್ಥಾಪಿಸಿದ ಹೆಂಚಿನ ಕಾರ್ಖಾನೆ ನೇತ್ರಾವತಿ ದಂಡೆಯ ಜೇಡಿಮಣ್ಣನ್ನು ಯಂತ್ರದ ಅಚ್ಚಿನಲ್ಲಿ ಒತ್ತಿ ದೇಶವಿದೇಶಗಳ ಚಾವಣಿಗೆ ಏರಿಸಿತು. ಮಂಗಳೂರು ಹೆಂಚು ಕಲಾಕೃತಿಯೆಂದು ಹೇಳಿಕೊಳ್ಳಲಿಲ್ಲ. ಆದರೂ ಸ್ಥಳದ ಮಣ್ಣಿನ ಗುಣಕ್ಕೆ ಅದು ತೋರಿದ ಗೌರವ ಅಂದಿನ ಕಲಾಶಾಲೆಗಳ ಹೂದಾನಿಗಳು ತೋರಿದ್ದಕ್ಕಿಂತ ದೊಡ್ಡದು.

ಭಾರತದ ಸ್ಟುಡಿಯೋ ಕುಂಬಾರಿಕೆಯ ಆದ್ಯನೆಂದು ಎಲ್ಲರೂ ಒಪ್ಪುವ ವ್ಯಕ್ತಿ ಸರ್ದಾರ್ ಗುರುಚರಣ್ ಸಿಂಗ್. ಕಾಶ್ಮೀರದಲ್ಲಿ ಹುಟ್ಟಿ, ಭೂವಿಜ್ಞಾನ ಓದಿ, ಹೊಸದಿಲ್ಲಿಯ ನಿರ್ಮಾಣ ಕಾಲದ ಇಟ್ಟಿಗೆ ಉದ್ಯಮದ ನಂಟಿನಿಂದ ದೆಹಲಿಗೆ ಬಂದ ಅವರು, ಅಲ್ಲಿ ನೀಲಿ ಮೆರುಗಿನ ಪಾತ್ರೆ ಮತ್ತು ಬಿಲ್ಲೆಗಳನ್ನು ಮಾಡುತ್ತಿದ್ದ ಅಬ್ದುಲ್ಲಾ ಎಂಬ ಪಠಾಣ ಕುಂಬಾರನ ಕೆಲಸಕ್ಕೆ ಮನಸೋತರು. ಸೆರಾಮಿಕ್ ಶಾಸ್ತ್ರವನ್ನು ಕ್ರಮವಾಗಿ ಕಲಿಯಲು 1919ರಲ್ಲಿ ಜಪಾನಿಗೆ ಹೋದಾಗ ಅವರಿಗೆ ಅಲ್ಲಿ ಕುಂಬಾರ ಕಲಾವಿದರಾದ ಬರ್ನಾರ್ಡ್ ಲೀಚ್, ಹಮಾದಾ ಶೋಜಿ, ಕವಾಯ್ ಕಾಂಜಿರೊ, ತೊಮಿಮೊತೊ ಕೆಂಕಿಚಿ ಮತ್ತು ಚಿಂತಕ ಯಾನಗಿ ಸೊಯೆತ್ಸು ಇವರ ಒಡನಾಟ ದೊರೆಯಿತು. ಕೆಲವೇ ವರ್ಷಗಳಲ್ಲಿ ಈ ಬಳಗದಿಂದ ಮಿಂಗೆಯ್ ಎಂಬ ಚಳವಳಿ ಹುಟ್ಟಿತು. ಜನಸಾಮಾನ್ಯರಿಗಾಗಿ ಹೆಸರಿಲ್ಲದ ಕುಶಲಕರ್ಮಿಗಳು ಮಾಡಿದ ಅಗ್ಗದ, ನಿತ್ಯಬಳಕೆಯ ವಸ್ತುಗಳಲ್ಲಿಯೇ ಸೌಂದರ್ಯದ ಉನ್ನತ ರೂಪವಿದೆಯೆಂಬುದು ಅದರ ಮೂಲ ನಿಲುವು. ಲೀಚ್ ಮತ್ತು ಹಮಾದಾ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಲುಮೆ ಕಟ್ಟಿದರು. ಗುರುಚರಣ್ ಸಿಂಗ್ 1922ರಲ್ಲಿ ಭಾರತಕ್ಕೆ ಮರಳಿ, ಮುಂದೆ 1952ರಲ್ಲಿ ಡೆಲ್ಲಿ ಬ್ಲೂ ಪಾಟರಿಯನ್ನು ಸ್ಥಾಪಿಸಿದರು. ಅವರಿಗೆ 1991ರಲ್ಲಿ ಪದ್ಮಶ್ರೀ ಸಂದಿತು.

ಈ ಪಯಣದಲ್ಲಿ ಒಂದು ವೈಚಿತ್ರ್ಯವಿದೆ. ಹಳ್ಳಿಯ ಅನಾಮಿಕ ಕುಂಬಾರನನ್ನು ಎತ್ತಿಹಿಡಿದ ತತ್ತ್ವವು ಜಪಾನಿನಿಂದ ಭಾರತಕ್ಕೆ ಬಂದಾಗ ಅದರೊಂದಿಗೆ ಬಂದ ತಂತ್ರ ಹಳ್ಳಿಯ ಟೆರಾಕೋಟದ್ದಾಗಿರಲಿಲ್ಲ. ಅದು ಸ್ಟೋನ್‌ವೇರ್, ಅಂದರೆ 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ವರೆಗಿನ ಉರಿಯಲ್ಲಿ ಸುಟ್ಟು, ಕಣಗಳು ಕರಗಿ ಬೆಸೆದು, ನೀರು ಒಸರದಷ್ಟು ಬಿಗಿಯಾದ ಪಾತ್ರೆ; ಅದರ ಮೇಲೆ ಗ್ಲೇಜ್, ಅಂದರೆ ಕಲ್ಲಿನ ಪುಡಿ ಮತ್ತು ಬೂದಿ ಮುಂತಾದವುಗಳ ಲೇಪವು ಬೆಂಕಿಯಲ್ಲಿ ಗಾಜಾಗಿ ಕೂತ ಪದರ. ಇದಕ್ಕೆ ಬೇಕಾದ ಮಣ್ಣು ಬೇರೆ, ಕುಲುಮೆ ಬೇರೆ, ಬಂಡವಾಳ ಬೇರೆ. ಹೀಗಾಗಿ ಭಾರತದಲ್ಲಿ ಸ್ಟುಡಿಯೋ ಕುಂಬಾರ ಮತ್ತು ಹಳ್ಳಿಯ ಕುಂಬಾರ ಇಬ್ಬರೂ ಮಣ್ಣಿನಲ್ಲೇ ಕೆಲಸ ಮಾಡಿದರೂ ಒಬ್ಬರ ಮಣ್ಣು ಇನ್ನೊಬ್ಬರಿಗೆ ಉಪಯೋಗಕ್ಕೆ ಬರದ ಸ್ಥಿತಿ ಏರ್ಪಟ್ಟಿತು. ಇದರ ಹೊಣೆಯನ್ನು ಗುರುಚರಣ್ ಸಿಂಗ್ ಅವರ ಮೇಲೆ ಹೊರಿಸುವುದು ಅನ್ಯಾಯ. ಅಬ್ದುಲ್ಲಾನ ಬಳಿ ಕಲಿತ ನೀಲಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ, ದೇಶದ ಕುಂಬಾರಿಕೆಯ ಬಗ್ಗೆ ಪುಸ್ತಕವನ್ನೂ ಬರೆದರು. ಆದರೆ ಅವರ ನಂತರದ ಹಲವರು ಲೀಚ್ 1940ರಲ್ಲಿ ಪ್ರಕಟಿಸಿದ ಕುಂಬಾರಿಕೆಯ ಕೈಪಿಡಿಯನ್ನು ಓದಿದಷ್ಟು ಶ್ರದ್ಧೆಯಿಂದ ತಮ್ಮೂರಿನ ಆವಿಗೆಯನ್ನು ಓದಲಿಲ್ಲವೆಂಬುದು ನಿಜ.

ಜೈಪುರದ ನೀಲಿ ಪಾತ್ರೆಗಳ ಪುನರುಜ್ಜೀವನದ ಕಥೆ ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅರಸ ಸವಾಯಿ ರಾಮ್‌ಸಿಂಗರ ಆಶ್ರಯದಲ್ಲಿ ಜೈಪುರಕ್ಕೆ ಬಂದ ಈ ಕಸುಬಿನಲ್ಲಿ ಜೇಡಿಮಣ್ಣಿನ ಪಾತ್ರವೇ ಇಲ್ಲ ಎನ್ನಬಹುದು. ಬಿಳಿಕಲ್ಲಿನ ಪುಡಿ, ಗಾಜಿನ ಪುಡಿ, ಮುಲ್ತಾನಿ ಮಿಟ್ಟಿ ಮತ್ತು ಅಂಟನ್ನು ಸೇರಿಸಿ ನಾದಿದ ಹಿಟ್ಟನ್ನು ಅಚ್ಚಿಗೆ ಒತ್ತಿ, ಕೋಬಾಲ್ಟ್ ಆಕ್ಸೈಡಿನ ನೀಲಿ ಹಾಗೂ ತಾಮ್ರದ ಹಸಿರುನೀಲಿಯಲ್ಲಿ ಚಿತ್ರಿಸಿ, ಕಡಿಮೆ ಕಾವಿನಲ್ಲಿ ಒಂದೇ ಸಲ ಸುಡುತ್ತಾರೆ. ಇಪ್ಪತ್ತನೆಯ ಶತಮಾನದ ನಡುಭಾಗಕ್ಕೆ ಈ ವಿದ್ಯೆ ಬಹುಮಟ್ಟಿಗೆ ಕಣ್ಮರೆಯಾಗಿತ್ತು. ಮಂಗಳೂರಿನಲ್ಲಿ ಹುಟ್ಟಿ, ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದ ಕಮಲಾದೇವಿ ಚಟ್ಟೋಪಾಧ್ಯಾಯರ ಒತ್ತಾಸೆ ಮತ್ತು ಜೈಪುರದ ರಾಜಮಾತೆ ಗಾಯತ್ರಿದೇವಿಯವರ ಬೆಂಬಲದಿಂದ ಅದನ್ನು ಮತ್ತೆ ಎತ್ತಿ ನಿಲ್ಲಿಸಿದವರು ಶಾಂತಿನಿಕೇತನದಲ್ಲಿ ಮತ್ತು ಜಪಾನಿನಲ್ಲಿ ಕಲಿತ ಚಿತ್ರಕಾರ ಕೃಪಾಲ್ ಸಿಂಗ್ ಶೇಖಾವತ್. ಅವರು ಇದ್ದದ್ದನ್ನು ಹಾಗೆಯೇ ನಕಲು ಮಾಡದೆ, ಹೊಸ ಬಣ್ಣಗಳನ್ನೂ ಅಜಂತಾ ಹಾಗೂ ಕಿರುಚಿತ್ರ ಪರಂಪರೆಯ ರೇಖೆಗಳನ್ನೂ ತಂದರು. 1974ರಲ್ಲಿ ಪದ್ಮಶ್ರೀ ಪಡೆದರು. ಇಲ್ಲಿ ಚಿತ್ತಾರವೇ ಮುಖ್ಯವಾಗಿದ್ದರೂ ಅದು ಜೆ.ಜೆ. ಕಲಾಶಾಲೆಯ ಬಗೆಯದಾಗಲಿಲ್ಲ, ಏಕೆಂದರೆ ಚಿತ್ತಾರದ ಜೊತೆಗೆ ಪಾಕವೂ ಉಳಿಯಿತು, ಅದನ್ನು ಕಲಿತ ಕುಟುಂಬಗಳೂ ಉಳಿದವು.

ದಕ್ಷಿಣದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಭಾವ ಬೀರಿದ ಕೇಂದ್ರ ಪುದುಚೇರಿಯ ಗೋಲ್ಡನ್ ಬ್ರಿಡ್ಜ್ ಪಾಟರಿ. ಅಮೆರಿಕದಿಂದ ಬಂದ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ 1971ರಲ್ಲಿ ಶ್ರೀ ಅರವಿಂದಾಶ್ರಮದ ಆಸರೆಯಲ್ಲಿ ಇದನ್ನು ಆರಂಭಿಸಿದರು. ಸ್ಮಿತ್ ಅವರು ಗ್ಲೇಜ್ ಇಲ್ಲದೆ ಕೇವಲ ದೀರ್ಘ ಉರಿಯಿಂದಲೇ ಬಣ್ಣ ಪಡೆಯುವ ಜಪಾನಿನ ಬಿಜೆನ್ ಪರಂಪರೆಯಲ್ಲಿ ಪಳಗಿದ್ದವರು. ಮೀಕರ್ ವಾಸ್ತುಶಿಲ್ಪ ಮತ್ತು ಸೆರಾಮಿಕ್ ಎರಡನ್ನೂ ಓದಿದವರು. ಆಮದು ಮಾಡಿದ ಸಿದ್ಧ ಸಾಮಗ್ರಿಗಳಿಲ್ಲದ ಕಾಲದಲ್ಲಿ ಸ್ಥಳೀಯ ಮಣ್ಣು, ಕಲ್ಲು, ಬೂದಿ ಮತ್ತು ಕರಾವಳಿಯ ಸರ್ವೆ ಸೌದೆಯನ್ನು ನೆಚ್ಚಿಕೊಂಡು ಅವರು ಸ್ಟೋನ್‌ವೇರ್ ಪಾತ್ರೆಗಳ ಒಂದು ಶೈಲಿಯನ್ನೇ ಕಟ್ಟಿದರು. ಅಲ್ಲಿ ಕಲಿತ ಅಂಜನಿ ಖನ್ನಾ, ಮಾಧ್ವಿ ಸುಬ್ರಹ್ಮಣ್ಯನ್, ವಿನೀತ್ ಕಕ್ಕರ್, ಆದಿಲ್ ರೈಟರ್ ಮುಂತಾದವರು ಇಂದಿನ ಭಾರತೀಯ ಸೆರಾಮಿಕ್ ಕಲೆಯ ಮುಂಚೂಣಿಯಲ್ಲಿದ್ದಾರೆ.

ಆದರೆ ಪರಂಪರೆಯ ದೃಷ್ಟಿಯಿಂದ ಅಲ್ಲಿನ ಅತ್ಯಂತ ಮಹತ್ವದ ಕೆಲಸ ಪಾತ್ರೆಗಳಲ್ಲ, ಮೀಕರ್ ಅವರ ಸುಟ್ಟ ಮನೆಗಳು. ಇರಾನಿನ ವಾಸ್ತುಶಿಲ್ಪಿ ನಾದರ್ ಖಲೀಲಿಯವರ ಪ್ರಯೋಗಗಳಿಂದ ಪ್ರೇರಿತರಾಗಿ, 1980ರ ದಶಕದ ಮಧ್ಯದಿಂದ ಅವರು ಹಸಿ ಇಟ್ಟಿಗೆಯನ್ನು ಕೆಸರಿನಲ್ಲಿಯೇ ಕಟ್ಟಿ, ಕಮಾನು ಚಾವಣಿಯ ಇಡೀ ಮನೆಯನ್ನು ನಿಲ್ಲಿಸಿ, ಅದರೊಳಗೆ ಹಸಿ ಇಟ್ಟಿಗೆ, ಬಿಲ್ಲೆ ಮತ್ತು ಮಡಕೆಗಳನ್ನು ತುಂಬಿ, ಹೊರಗಿನಿಂದ ಹೊದಿಕೆ ಹಾಕಿ, ದಿನಗಟ್ಟಲೆ ಉರಿ ಕೊಟ್ಟು ಮನೆಯನ್ನೇ ಆವಿಗೆಯಾಗಿಸಿದರು. ಉರಿ ಆರಿದ ಮೇಲೆ ಒಳಗಿನ ಸರಕನ್ನು ಮಾರಿದರೆ ಸೌದೆಯ ಖರ್ಚಿನ ಬಹುಪಾಲು ಹುಟ್ಟಬೇಕು, ಮಳೆಗೆ ಕರಗದ ಮನೆ ಬಡವನಿಗೆ ಅಗ್ಗವಾಗಿ ಸಿಗಬೇಕು ಎಂಬುದು ಲೆಕ್ಕಾಚಾರ. ಈ ಲೆಕ್ಕ ನಿರೀಕ್ಷಿಸಿದಂತೆ ಕೂಡಿ ಬರಲಿಲ್ಲ. ದಪ್ಪ ಗೋಡೆಯ ಪೂರ್ಣ ಆಳಕ್ಕೆ ಕಾವು ಇಳಿಯುವುದು ಕಷ್ಟವಾಗಿತ್ತು, ಸೌದೆಯ ಬೆಲೆ ಏರುತ್ತಲೇ ಇತ್ತು, ಅಷ್ಟು ದೊಡ್ಡ ಬೆಂಕಿಯನ್ನು ಹತೋಟಿಯಲ್ಲಿಡಲು ನುರಿತ ಕಣ್ಣು ಬೇಕಾಗಿತ್ತು. ಹಾಗಿದ್ದರೂ ಇದು ಸೋತ ಪ್ರಯೋಗವೆಂದು ತಳ್ಳಿಹಾಕುವಂಥದ್ದಲ್ಲ. ತೆಲುಗು ಮತ್ತು ತಮಿಳು ನಾಡಿನ, ಕರ್ನಾಟಕದ ಬಯಲುಸೀಮೆಯ ಇಟ್ಟಿಗೆ ಗೂಡುಗಳಲ್ಲಿ ಒಟ್ಟಿದ ಇಟ್ಟಿಗೆಯೇ ಗೂಡಿನ ಗೋಡೆಯೂ ಆಗಿರುತ್ತದೆ. ಆ ಗ್ರಾಮೀಣ ತಿಳಿವಳಿಕೆಯ ತಿರುಳನ್ನು ಹಿಡಿದು, ಅದಕ್ಕೆ ವಾಸ್ತುಶಿಲ್ಪದ ಮಟ್ಟದ ಧೈರ್ಯವನ್ನು ಕೊಟ್ಟ ಇನ್ನೊಂದು ಉದಾಹರಣೆ ದೇಶದಲ್ಲಿ ಸಿಗುವುದು ಕಷ್ಟ. ಪರಂಪರೆಯಿಂದ ಕಲಿಯುವುದೆಂದರೆ ಏನೆಂಬುದಕ್ಕೆ, ಕಮಲದ ಹೂವನ್ನು ಬರೆದ ನೂರು ಹೂಜಿಗಳಿಗಿಂತ ಈ ಸುಟ್ಟ ಕಮಾನುಗಳು ಉತ್ತಮ ಉತ್ತರ.

ಗೋಲ್ಡನ್ ಬ್ರಿಡ್ಜ್‌ನಿಂದ ದೂರವೇನೂ ಇಲ್ಲದ ವಿಲ್ಲಿಯನೂರಿನಲ್ಲಿ ತಲೆಮಾರುಗಳಿಂದ ಟೆರಾಕೋಟ ಕೆಲಸ ಮಾಡಿಕೊಂಡು ಬಂದ ಕುಟುಂಬಗಳಿವೆ. ಆ ಊರಿನ ವಿ.ಕೆ. ಮುನುಸಾಮಿಯವರಿಗೆ 2020ರಲ್ಲಿ ಪದ್ಮಶ್ರೀ ದೊರೆಯಿತು. ತಮಿಳುನಾಡಿನ ವೇಳಾರ್ ಕುಂಬಾರರು ಅಯ್ಯನಾರ್ ದೈವಕ್ಕೆಂದು ಊರ ಹೊರಗೆ ಆಳೆತ್ತರವನ್ನೂ ಮೀರಿದ ಮಣ್ಣಿನ ಕುದುರೆಗಳನ್ನು ನಿಲ್ಲಿಸುತ್ತ ಬಂದಿದ್ದಾರೆ. ಟೊಳ್ಳಾದ ಕಾಲುಗಳನ್ನು ಮೊದಲು ಕಟ್ಟಿ, ಅವು ಭಾರ ಹೊರುವಷ್ಟು ಒಣಗಿದ ಮೇಲೆ ಒಡಲನ್ನು, ನಂತರ ಕತ್ತು ಹಾಗೂ ತಲೆಯನ್ನು ಸೇರಿಸುತ್ತ ಹೋಗುವ ಆ ಕ್ರಮದಲ್ಲಿ ತೂಕ, ತೇವ ಮತ್ತು ಸಮಯಗಳ ಲೆಕ್ಕ ಎಷ್ಟು ಸೂಕ್ಷ್ಮವಾದದ್ದೆಂದರೆ, ದೊಡ್ಡ ಗಾತ್ರದ ಸೆರಾಮಿಕ್ ಶಿಲ್ಪ ಮಾಡಹೊರಟ ಯಾವ ಕಲಾವಿದನೂ ಅದನ್ನು ಕಲಿಯದೆ ಮುಂದೆ ಹೋಗುವುದು ಕಷ್ಟ.

ಕುಂಬಾರರಿಂದ ಕಲಿಯಬೇಕೆಂಬ ಈ ಅರಿವು ವಡೋದರದ ಕಲಾಶಾಲೆಯಲ್ಲಿ ಸ್ವಲ್ಪ ಬೇಗ ಮೂಡಿತು. ಅಲ್ಲಿನ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ ಅವರು 1963ರಲ್ಲಿ ಲಖನೌದ ರವೀಂದ್ರಾಲಯದ ಗೋಡೆಗೆ ಟಾಗೋರರ ನಾಟಕವೊಂದನ್ನು ಆಧರಿಸಿದ ಟೆರಾಕೋಟ ಉಬ್ಬುಶಿಲ್ಪವನ್ನು ರಚಿಸಿದರು. ಮುಂದೆ 1971ರ ಬಾಂಗ್ಲಾ ಯುದ್ಧದ ಕ್ರೌರ್ಯ ಅವರನ್ನು ಕಲಕಿದಾಗ ಸೇನಾಧಿಕಾರಿಗಳ, ಛಿದ್ರವಾದ ದೇಹಗಳ ಚಿತ್ರಣಕ್ಕೆ ಅವರು ಆರಿಸಿಕೊಂಡದ್ದು ಸಣ್ಣ ಟೆರಾಕೋಟ ಫಲಕಗಳನ್ನು. ಈ ಫಲಕಗಳ ಹಿಂದೆ ರಾಜಸ್ಥಾನದ ಮೊಲೇಲಾ ಗ್ರಾಮದ ಪೂಜಾಫಲಕಗಳ ಕ್ರಮವನ್ನು ಕಾಣಬಹುದು. ಮೊಲೇಲಾದ ಕುಂಬಾರರು ಕತ್ತೆಯ ಲದ್ದಿ ಬೆರೆಸಿದ ಮಣ್ಣನ್ನು ಹಪ್ಪಳದಂತೆ ಹರಡಿ, ಅದರ ಮೇಲೆ ಮಣ್ಣಿನ ಹಾಳೆ ಮತ್ತು ಬತ್ತಿಗಳನ್ನು ಮಡಚಿ, ಉಬ್ಬಿಸಿ, ಅಂಟಿಸಿ ದೇವನಾರಾಯಣ ಮುಂತಾದ ದೈವಗಳನ್ನು ಟೊಳ್ಳಾಗಿಯೇ ಎಬ್ಬಿಸುತ್ತಾರೆ. ಭಿಲ್ಲರು ಮೊದಲಾದ ಭಕ್ತಸಮುದಾಯಗಳು ದೂರದಿಂದ ಬಂದು ಅವನ್ನು ತಮ್ಮ ಗುಡಿಗಳಿಗೆ ಒಯ್ಯುತ್ತವೆ. ಆ ಮಡಚು ಮತ್ತು ಉಬ್ಬುಗಳ ಭಾಷೆಯಲ್ಲಿ ಸುಬ್ರಹ್ಮಣ್ಯನ್ ತಮ್ಮ ಕಾಲದ ಯುದ್ಧವನ್ನು ಹೇಳಿದರು. ಮೊಲೇಲಾದ ದೇವರನ್ನು ಅವರು ನಕಲು ಮಾಡಲಿಲ್ಲ. ಮೊಲೇಲಾದ ಬೆರಳುಗಳಿಗೆ ಗೊತ್ತಿದ್ದದ್ದನ್ನು ಕಲಿತರು.

ವಡೋದರದಲ್ಲಿಯೇ ಓದಿದ ಹಿಮ್ಮತ್ ಷಾ 1933ರಲ್ಲಿ ಹುಟ್ಟಿದ್ದು ಗುಜರಾತಿನ ಲೋಥಲ್‌ನಲ್ಲಿ. ಕನ್ನಡಿಗ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥ ರಾವ್ 1950ರ ದಶಕದಲ್ಲಿ ಹರಪ್ಪಾ ಕಾಲದ 4000 ವರ್ಷಗಳಿಗೂ ಹಿಂದಿನ ಪಟ್ಟಣವನ್ನು ಅಗೆದು ತೆಗೆದದ್ದು ಅದೇ ನೆಲದಲ್ಲಿ. ಷಾ ಅವರ ಟೆರಾಕೋಟ ತಲೆಗಳು, ನುಣುಪಾದ ಮೇಲ್ಮೈಯ ಮೇಲೆ ಗೀರು, ಕುಳಿ ಮತ್ತು ಮುದ್ರೆಗಳನ್ನು ಹೊತ್ತು, ಯಾವುದೋ ಉತ್ಖನನದಿಂದ ಆಗತಾನೆ ಹೊರಬಂದಂತೆ ತೋರುತ್ತವೆ. 2025ರಲ್ಲಿ ತೀರಿಕೊಂಡ ಈ ಶಿಲ್ಪಿ ತಮ್ಮ ಮಣ್ಣನ್ನು ತಾವೇ ಹದಗೊಳಿಸುತ್ತ, ಗುರುತಿಸಬಹುದಾದ ಯಾವ ಜನಪದ ನಮೂನೆಯನ್ನೂ ಎರವಲು ಪಡೆಯದೆ, ಪ್ರಾಚೀನತೆಯ ಭಾವವನ್ನು ಸಾಧಿಸಿದರು. ಭೋಪಾಲದಲ್ಲಿ 1982ರಲ್ಲಿ ಆರಂಭವಾದ ಭಾರತ ಭವನವು ಸೆರಾಮಿಕ್ ಕಾರ್ಯಾಗಾರಕ್ಕೆ ಬಾಗಿಲು ತೆರೆದು ಜಿ. ರಘು ಅವರಂಥ ಶಿಲ್ಪಿಗಳಿಗೆ ನೆಲೆಯಾಯಿತು. ಅದೇ ನಗರದ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದಲ್ಲಿ ಕಲಾವಿದೆ ಶಂಪಾ ಷಾ ದೇಶದ ನಾನಾ ಭಾಗಗಳ ಪಾರಂಪರಿಕ ಕುಂಬಾರರೊಂದಿಗೆ ವರ್ಷಗಳ ಕಾಲ ಒಡಗೂಡಿ ದುಡಿದರು.

ಇಲ್ಲಿ ಒಂದು ಸಾಮಾಜಿಕ ಸಂಗತಿಯನ್ನು ಗಮನಿಸಬೇಕು. ಭಾರತದ ಬಹುಭಾಗದ ಕುಂಬಾರ ಸಮುದಾಯಗಳಲ್ಲಿ ಹೆಣ್ಣು ತಿಗರಿ ಮುಟ್ಟಬಾರದೆಂಬ ಕಟ್ಟಳೆಯಿದೆ. ಮಣ್ಣು ತುಳಿಯುವುದು, ಮಡಕೆ ತಟ್ಟುವುದು, ಕೆಮ್ಮಣ್ಣು ಬಳಿಯುವುದು, ಚಿತ್ತಾರ ಬರೆಯುವುದು, ಸಂತೆಗೆ ಹೊತ್ತು ಮಾರುವುದು ಎಲ್ಲವೂ ಅವಳ ಪಾಲಿಗೆ ಬಂದರೂ ಕುಂಬಾರನೆಂಬ ಹೆಸರು ಗಂಡಿನದಾಯಿತು. ಆದರೆ ಸ್ಟುಡಿಯೋ ಸೆರಾಮಿಕ್‌ನಲ್ಲಿ ಇರಾ ಚೌಧುರಿ, ನಿರ್ಮಲಾ ಪಟವರ್ಧನ್, ಜ್ಯೋತ್ಸ್ನಾ ಭಟ್ ಮೊದಲಾದ ಮಹಿಳೆಯರೂ ದಾರಿ ಹಾಕಿದರು. ಈ ವಿಷಯದಲ್ಲಿ ಆಧುನಿಕ ಕಲೆ ಪರಂಪರೆಯನ್ನು ಮುಂದುವರಿಸದೆ ಮುರಿದದ್ದು ಒಳ್ಳೆಯದೇ ಆಯಿತು. ಮಣಿಪುರದ ಪರಂಪರೆ ಮಾತ್ರ ಮೊದಲಿನಿಂದಲೂ ಬೇರೆ: ಅಲ್ಲಿ ತಿಗರಿಯಿಲ್ಲ, ಹೆಣ್ಣುಮಕ್ಕಳೇ ಮಡಕೆಯ ಸುತ್ತ ತಾವು ಸುತ್ತುತ್ತ ಅದನ್ನು ರೂಪಿಸುತ್ತಾರೆ. ಆ ವಿದ್ಯೆಗಾಗಿ ನೀಲಮಣಿ ದೇವಿಯವರಿಗೆ 2007ರಲ್ಲಿ ಪದ್ಮಶ್ರೀ ಬಂದಿತು. ಅದೇ ರಾಜ್ಯದ ಲೊಂಗ್‌ಪಿಯ ತಾಂಗ್‌ಖುಲ್ ನಾಗಾ ಜನರು ಸರ್ಪೆಂಟಿನೈಟ್ ಎಂಬ ಕಲ್ಲಿನ ಪುಡಿಯನ್ನು ಮಣ್ಣಿನಂಥ ಶಿಥಿಲ ಶಿಲೆಯೊಂದಿಗೆ ಬೆರೆಸಿ ಕಪ್ಪು ಪಾತ್ರೆಗಳನ್ನು ಮಾಡುತ್ತಾರೆ. ಅವರಲ್ಲಿ ಒಬ್ಬರಾದ ಮಾಚಿಹಾನ್ ಸಾಸಾ ಅವರು 2024ರಲ್ಲಿ ಇದೇ ಗೌರವಕ್ಕೆ ಪಾತ್ರರಾದರು.

ಈಗಿನ ತಲೆಮಾರಿನವರಲ್ಲಿ ಕೆಲವರ ಕೆಲಸ ಕರ್ನಾಟಕದ ಓದುಗರಿಗೆ ಹತ್ತಿರವಾದದ್ದು. ಅಂಜನಿ ಖನ್ನಾ ಅವರ ಯಾಳಿಗಳು, ಹಂಪಿಯ ವಿಜಯವಿಠ್ಠಲ ದೇಗುಲದ ಕಂಬಗಳಲ್ಲಿ ಕಾಣುವ ಮಿಶ್ರಮೃಗದ ಕಲ್ಪನೆಯನ್ನು ಮನುಷ್ಯ ಮುಖ ಮತ್ತು ಇಂದಿನ ಉಡುಗೆಗಳೊಂದಿಗೆ ಕೂಡಿಸುತ್ತವೆ. ಮಂಗಳೂರಿನಲ್ಲಿ ಹುಟ್ಟಿ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತು, ದೆಹಲಿಯಲ್ಲಿ ನೆಲೆಸಿರುವ ಮಂಜುನಾಥ ಕಾಮತ್ ಅವರ ಟೆರಾಕೋಟ ಶಿಲ್ಪಗಳಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ಪ್ರದೇಶಗಳ ದೇವಶಿಲ್ಪಗಳ ತುಣುಕುಗಳೆನ್ನಿಸುವ ಭಾಗಗಳು ಒಂದೇ ಮೈಯಲ್ಲಿ ಸೇರಿಕೊಂಡು, ಭಿನ್ನವಾದ ಮೂರ್ತಿಯೇ ಪೂರ್ಣಮೂರ್ತಿಯಾಗಿ ನಿಲ್ಲುತ್ತದೆ. ಭಿನ್ನಗೊಂಡ ವಿಗ್ರಹ ಪೂಜೆಗೆ ಸಲ್ಲದೆಂಬ ನಂಬಿಕೆಯ ನಾಡಿನಲ್ಲಿ ಈ ಕಲ್ಪನೆಗೆ ತನ್ನದೇ ತೂಕವಿದೆ. ದೇಶದ ಸೆರಾಮಿಕ್ ಕಲಾವಿದರು ತಾವಾಗಿ ಸೇರಿ ಕಟ್ಟಿದ ಇಂಡಿಯನ್ ಸೆರಾಮಿಕ್ಸ್ ಟ್ರಿಯೆನಾಲೆ 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ, ಎರಡನೆಯ ಬಾರಿ 2024ರಲ್ಲಿ ದೆಹಲಿಯಲ್ಲಿ ನಡೆದು, ಮಣ್ಣಿನ ಕೆಲಸವನ್ನು ಹೂಜಿ ಮತ್ತು ತಟ್ಟೆಗಳ ಆಚೆಗೆ ನೋಡುವ ಅವಕಾಶವನ್ನು ಸಾರ್ವಜನಿಕರಿಗೆ ಒದಗಿಸಿತು.

ಎರಡು ಲೋಕಗಳ ನಡುವಿನ ಗೋಡೆಯನ್ನು ಕುಂಬಾರರ ಕಡೆಯಿಂದ ದಾಟಿದವರು ವಿರಳ. ಬಿಹಾರದ ಕುಂಬಾರ ಕುಟುಂಬದಲ್ಲಿ ಹುಟ್ಟಿ, ಮಹಾರಾಷ್ಟ್ರದ ಭದ್ರಾವತಿಯ ಗ್ರಾಮೋದಯ ಸಂಘದಲ್ಲಿ ತರಬೇತಿ ಪಡೆದು, ಮುಂಬೈ ಸಮೀಪದಲ್ಲಿ ಸ್ಟೋನ್‌ವೇರ್ ಸ್ಟುಡಿಯೋ ಕಟ್ಟಿದ ಬ್ರಹ್ಮದೇವ ರಾಮ್ ಪಂಡಿತ್ ಅಂಥವರಲ್ಲಿ ಅಗ್ರಗಣ್ಯರು. 2013ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರ ಕೈಯಲ್ಲಿ ಗ್ಲೇಜ್ ಶಾಸ್ತ್ರ ಮತ್ತು ಕುಲಕಸುಬಿನ ಸಲೀಸು ಒಂದಾದ ಬಗೆಯನ್ನು ನೋಡಿದರೆ, ಅವಕಾಶ ಸಿಕ್ಕಿದ್ದರೆ ಇನ್ನೆಷ್ಟು ಮಂದಿ ಹೀಗೆ ದಾಟಬಹುದಿತ್ತು ಎಂಬ ವಿಷಾದ ಮೂಡುತ್ತದೆ. ಸ್ಟುಡಿಯೋದಿಂದ ಹಳ್ಳಿಗೆ ಹೋಗುವ ದಾರಿ ಅಗಲವಾಗಿದೆ, ಹಳ್ಳಿಯಿಂದ ಸ್ಟುಡಿಯೋಗೆ ಬರುವ ದಾರಿ ಇಕ್ಕಟ್ಟಾಗಿದೆ. ಇದು ಪ್ರತಿಭೆಯ ಪ್ರಶ್ನೆಯಲ್ಲ, ಜಾತಿ ಮತ್ತು ಬಂಡವಾಳದ ಪ್ರಶ್ನೆ. ಹಳ್ಳಿಯ ಕುಂಬಾರನ ಕೈಯಿಂದ ದೊಡ್ಡ ಮಡಕೆಗಳನ್ನು ಮಾಡಿಸಿ, ಅವುಗಳನ್ನು ಜೋಡಿಸಿ ಅಥವಾ ಮೇಲ್ಮೈ ಬದಲಿಸಿ ತನ್ನ ಹೆಸರಿನಲ್ಲಿ ಪ್ರದರ್ಶಿಸುವ ಪದ್ಧತಿ ಕಲಾಲೋಕದಲ್ಲಿ ಇದ್ದೇ ಇದೆ. ಅಲ್ಲಿ ಕುಂಬಾರನ ಹೆಸರು ಫಲಕದ ಮೇಲೆ ಇರುವುದಿಲ್ಲ. ಅನಾಮಿಕ ಕುಶಲಕರ್ಮಿಯನ್ನು ಯಾನಗಿ ಹೊಗಳಿದ್ದನ್ನು ಇದಕ್ಕೆ ಸಮರ್ಥನೆಯಾಗಿ ಬಳಸುವುದು ಸಲ್ಲದು, ಏಕೆಂದರೆ ಒಬ್ಬನಿಗೆ ಸಹಿಯೂ ಇನ್ನೊಬ್ಬನಿಗೆ ಅನಾಮಿಕತೆಯೂ ದಕ್ಕುವ ಕಡೆ ಅನಾಮಿಕತೆ ಆದರ್ಶವಾಗಿ ಉಳಿಯುವುದಿಲ್ಲ.

ಕರ್ನಾಟಕದ ಮಟ್ಟಿಗೆ ಪರಿಸ್ಥಿತಿ ಆಶಾದಾಯಕವೂ ಅಲ್ಲ, ಕೈಚೆಲ್ಲುವಂಥದ್ದೂ ಅಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತನ್ನ ಮಣ್ಣಿನ ಗುಣಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಅಲ್ಲಿದೆ. ಬೆಂಗಳೂರಿನ ಪಾಟರಿ ಟೌನ್‌ನಲ್ಲಿ ಇಂದಿಗೂ ಗಣೇಶನ ಮೂರ್ತಿ, ಹಣತೆ ಮತ್ತು ಮಡಕೆಗಳು ರೂಪುಗೊಳ್ಳುತ್ತವೆ, ಆದರೆ ನಗರದ ಕೆರೆಗಳು ಕಾಣೆಯಾದಂತೆ ಮಣ್ಣು ದೂರದಿಂದ ಬರಬೇಕಾಗಿದೆ. ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಬಂದ ಮೇಲೆ ಅಡುಗೆಮನೆಯಿಂದ ಮಡಕೆ ಹೊರಬಿದ್ದ ವೇಗವನ್ನು ನೋಡಿದರೆ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಒಂದು ಮಡಕೆಗಷ್ಟೇ ಅಲ್ಲದೆ ಇಡೀ ಕಸುಬಿಗೆ ಅನ್ವಯಿಸುತ್ತದೆ. ಆಯೋಗವು 2018ರಲ್ಲಿ ಆರಂಭಿಸಿದ ಕುಂಬಾರ ಸಬಲೀಕರಣ ಯೋಜನೆಯಡಿ ವಿದ್ಯುತ್ ತಿಗರಿಗಳನ್ನು ಹಂಚಿದ್ದು ಮೈನೋವನ್ನು ಕಡಿಮೆ ಮಾಡಿದೆ; ಕಲ್ಲಿನಂಥ ಭಾರದ ಚಕ್ರವನ್ನು ಕೋಲಿನಿಂದ ತಿರುಗಿಸುವ ಶ್ರಮವನ್ನು ಪರಂಪರೆಯ ಹೆಸರಿನಲ್ಲಿ ಉಳಿಸಬೇಕೆನ್ನುವವರು ಆ ಚಕ್ರವನ್ನು ಒಂದು ದಿನವಾದರೂ ತಿರುಗಿಸಿ ನೋಡಬೇಕು. ಆದರೆ ತಿಗರಿ ಕೊಟ್ಟು ಮಣ್ಣು ಕೊಡದಿದ್ದರೆ ಪ್ರಯೋಜನವಿಲ್ಲ.

ಆದ್ದರಿಂದ ಬೇಡಿಕೆಗಳು ಎರಡೇ, ಎರಡೂ ಕೈಗೆಟುಕುವಂಥವು. ಕೆರೆಗಳ ಹೂಳೆತ್ತುವ ಕಾಮಗಾರಿಗಳಲ್ಲಿ ಹೊರಬೀಳುವ ಒಳ್ಳೆಯ ಜೇಡಿಮಣ್ಣಿನ ಒಂದು ಪಾಲನ್ನು ಸುತ್ತಲಿನ ಕುಂಬಾರ ಕುಟುಂಬಗಳಿಗೆ ಉಚಿತವಾಗಿ ಒಯ್ಯಲು ಗ್ರಾಮ ಪಂಚಾಯಿತಿಗಳು ಅನುಮತಿ ನೀಡಬೇಕು. ಕಲಾ ಅಕಾಡೆಮಿಗಳು, ಗ್ಯಾಲರಿಗಳು ಮತ್ತು ಕಲಾಶಾಲೆಗಳು ಕುಂಬಾರರ ಕೈ ಸೇರಿದ ಪ್ರತಿಯೊಂದು ಕೃತಿಯ ಫಲಕದಲ್ಲಿ ಅವರ ಹೆಸರು ಮತ್ತು ಊರನ್ನು ಕಲಾವಿದರ ಹೆಸರಿನ ಪಕ್ಕದಲ್ಲಿಯೇ ಅದೇ ಗಾತ್ರದ ಅಕ್ಷರಗಳಲ್ಲಿ ಬರೆಯಬೇಕು, ಹಾಗೆ ಬರೆಯದ ಕಡೆ ನೋಡಲು ಬಂದವರು ಕೇಳಬೇಕು.